ನಂಬಿಕೆಯೂ ನೇಮವೂ: ಅಂತಿಯೋಕ್ಯದ ಒಂದು ಪಂಕ್ತಿ



ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಕ್ರೈಸ್ತಮತದ ಒಂದು ಮೂಲಸಿದ್ಧಾಂತವನ್ನು. ಮನುಷ್ಯನು ದೇವರ ಸನ್ನಿಧಿಯಲ್ಲಿ ನೀತಿವಂತನೆನಿಸಿಕೊಳ್ಳುವುದು ಶಾಸ್ತ್ರವಿಧಿಗಳನ್ನು ನಡಸಿದುದರ ಫಲವಾಗಿ ಅಲ್ಲ, ದೇವರ ಕೃಪೆಯನ್ನು ನಂಬಿದುದರಿಂದ ಎಂಬುದೇ ಆ ಸಿದ್ಧಾಂತ. ಹೇಳುವುದಕ್ಕೆ ಒಂದು ವಾಕ್ಯ ಸಾಕು. ಆದರೆ ಆ ಒಂದು ವಾಕ್ಯದ ಸಲುವಾಗಿ ಸ್ನೇಹಗಳು ಮುರಿದಿವೆ, ಸಭೆಗಳು ಒಡೆದಿವೆ, ಯೂರೋಪಿನ ರಾಜ್ಯಗಳು ಎರಡು ಪಕ್ಷವಾಗಿ ನಿಂತಿವೆ.

ಇಂಥ ಸಿದ್ಧಾಂತ ಹುಟ್ಟಿದುದು ತಪಸ್ವಿಯ ಗುಹೆಯಲ್ಲಿಯೋ ಪಂಡಿತರ ವಾದಸಭೆಯಲ್ಲಿಯೋ ಇರಬೇಕೆಂದು ನಾವು ಊಹಿಸುವುದು ಸಹಜ. ಸಂಗತಿ ಹಾಗಿಲ್ಲ. ಕ್ರೈಸ್ತರ ಅತಿ ಪ್ರಾಚೀನ ಬರಹಗಳಲ್ಲೊಂದರಲ್ಲಿ ಈ ಮಾತು ನಮಗೆ ಕೇಳಿಬರುವುದು ಒಂದು ಊಟದ ಜಗಳದ ನಡುವೆ. ಯಾರು ಯಾರೊಡನೆ ಕುಳಿತು ಉಣ್ಣಬಹುದು ಎಂಬುದು ಅಲ್ಲಿಯ ಪ್ರಶ್ನೆ. ಆದುದರಿಂದ ನಾನೂ ಆ ಊಟದಿಂದಲೇ ಪ್ರಾರಂಭಿಸುತ್ತೇನೆ.

ಉತ್ತರ ಸಿರಿಯದ ಒರಾಂಟೀಸ್ ನದಿಯ ದಡದಲ್ಲಿ ಅಂತಿಯೋಕ್ಯವೆಂಬ ಪಟ್ಟಣವಿತ್ತು. ಅಲೆಕ್ಸಾಂಡರನ ಸೇನಾನಿಗಳಲ್ಲೊಬ್ಬನಾದ ಸೆಲ್ಯೂಕಸನು ಕ್ರಿಸ್ತಪೂರ್ವ ೩೦೦ರ ಸುಮಾರಿನಲ್ಲಿ ಅದನ್ನು ಕಟ್ಟಿಸಿ ತನ್ನ ತಂದೆಯಾದ ಅಂತಿಯೋಕನ ಹೆಸರನ್ನು ಅದಕ್ಕೆ ಇಟ್ಟನು. ರೋಮನರ ಕಾಲಕ್ಕೆ ಅದು ಸಾಮ್ರಾಜ್ಯದ ಮಹಾನಗರಗಳಲ್ಲೊಂದಾಗಿ ಬೆಳೆದಿತ್ತು. ಈಗ ಅದು ತುರ್ಕಿ ದೇಶಕ್ಕೆ ಸೇರಿದ ಅಂತಾಕ್ಯ. ೨೦೨೩ರ ಫೆಬ್ರವರಿಯ ಭೂಕಂಪದಲ್ಲಿ ಅದರ ಬಹುಭಾಗ ನೆಲಸಮವಾದ ಸುದ್ದಿಯನ್ನು ತಾವು ಕೇಳಿಯೇ ಇರುವಿರಿ. ಆ ಪಟ್ಟಣದಲ್ಲಿ ಯೆಹೂದ್ಯರು ತಲೆಮಾರುಗಳಿಂದ ನೆಲಸಿದ್ದರು. ಯೇಸುವು ಶಿಲುಬೆಗೇರಿದ್ದು ಕ್ರಿ. ಶ. ೩೦ರ ಆಸುಪಾಸಿನಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಅವನನ್ನು ಕ್ರಿಸ್ತನೆಂದು ನಂಬಿದವರ ಒಂದು ಕೂಟ ಅಲ್ಲಿ ನೆರೆಯಿತು. 'ಕ್ರೈಸ್ತರು' ಎಂಬ ಹೆಸರು ಮೊದಲು ಬಳಕೆಗೆ ಬಂದುದೂ ಅಲ್ಲಿಯೇ ಎಂದು 'ಅಪೊಸ್ತಲರ ಕೃತ್ಯಗಳು' ಎಂಬ ಗ್ರಂಥ ಹೇಳುತ್ತದೆ.

ಆ ಕೂಟದ ವಿಶೇಷವೇನೆಂದರೆ, ಅದರಲ್ಲಿ ಯೆಹೂದ್ಯರೂ ಇದ್ದರು, ಗ್ರೀಕರೇ ಮೊದಲಾದ ಅನ್ಯಜನರೂ ಇದ್ದರು. ಇಬ್ಬರೂ ಒಟ್ಟಿಗೆ ಊಟಮಾಡುತ್ತಿದ್ದರು. ಯೆಹೂದ್ಯನಿಗೆ ಆಹಾರದ ವಿಷಯದಲ್ಲಿ ಕಟ್ಟುನಿಟ್ಟಾದ ನೇಮಗಳಿದ್ದುವು. ಅನ್ಯಜನರ ಮನೆಯ ಮಾಂಸ ವಿಗ್ರಹಕ್ಕೆ ನೈವೇದ್ಯವಾದದ್ದೋ, ರಕ್ತವನ್ನು ತಕ್ಕಂತೆ ಸುರಿಸಿ ಕಡಿದದ್ದೋ ಅಲ್ಲವೋ ಎಂಬ ಶಂಕೆ ಎಂದಿಗೂ ತಪ್ಪಿದ್ದಲ್ಲ. ಹೀಗಿದ್ದರೂ ಅಂತಿಯೋಕ್ಯದ ಕೂಟದಲ್ಲಿ ಬೇರೆ ಬೇರೆ ಪಂಕ್ತಿಗಳಿರಲಿಲ್ಲ. ಕ್ರಿಸ್ತನ ನೆನಪಿಗಾಗಿ ರೊಟ್ಟಿ ಮುರಿದು ಹಂಚಿಕೊಳ್ಳುವ ಸಂಸ್ಕಾರವೂ ಆಗ ಊಟದ ಒಂದು ಭಾಗವಾಗಿಯೇ ಇತ್ತಾದ ಕಾರಣ, ಊಟದಲ್ಲಿ ಭೇದಮಾಡುವುದೆಂದರೆ ಉಪಾಸನೆಯಲ್ಲಿಯೇ ಭೇದಮಾಡಿದಂತೆ.

ಯೇಸುವಿನ ಹಿರಿಯ ಶಿಷ್ಯನಾದ ಪೇತ್ರನು ಆ ಊರಿಗೆ ಬಂದನು. ಅವನೂ ಅನ್ಯಜನರೊಡನೆ ಕುಳಿತು ಉಂಡನು. ಹೀಗಿರುತ್ತಿರಲು ಯೆರೂಸಲೇಮಿನಿಂದ, ಅಲ್ಲಿಯ ಸಭೆಗೆ ಮುಖ್ಯನಾದ ಯಾಕೋಬನ ಕಡೆಯಿಂದ, ಕೆಲವರು ಬಂದರು. ಅವರು ಬಂದ ಮೇಲೆ ಪೇತ್ರನ ರೀತಿ ಬದಲಾಯಿತು. ಅವನು ಹಿಂದೆಗೆದನು, ಬೇರೆಯಾಗಿ ನಿಂತನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಹಿಂದೆಗೆದರು. ಅನ್ಯಜನರ ನಡುವೆಯೇ ದುಡಿದಿದ್ದ ಬಾರ್ನಬನೂ ಅವರ ಜೊತೆಗೆ ಸೇರಿದನು. ಪಂಕ್ತಿಯಿಂದ ಒಬ್ಬರು ಎದ್ದುಹೋದರೆ ಉಳಿದು ಕುಳಿತವರ ಮನಸ್ಸಿಗೆ ಏನಾಗುತ್ತದೆಂಬುದನ್ನು ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಆಗ ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ತಡೆದು ಕೇಳಿದನು: ಯೆಹೂದ್ಯನಾದ ನೀನೇ ಅನ್ಯಜನರಂತೆ ನಡೆದುಕೊಂಡಿದ್ದವನು, ಈಗ ಆ ಜನರು ಯೆಹೂದ್ಯರಾಗಬೇಕೆಂದು ಬಲಾತ್ಕರಿಸುವುದೆಂತು? ಈ ಪ್ರಶ್ನೆಯ ಬೆನ್ನಿಗೇ, ನೇಮಗಳಿಂದಲ್ಲ, ನಂಬಿಕೆಯಿಂದ ಎಂಬ ಸಿದ್ಧಾಂತವಾಕ್ಯವೂ ಬರುತ್ತದೆ. ಇದನ್ನೆಲ್ಲ ನಮಗೆ ತಿಳಿಸುವವನು ಪೌಲನೇ. ಗಲಾತ್ಯದ ಸಭೆಗಳಿಗೆ ಅವನು ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಇದು ಇದೆ.

ಇಷ್ಟನ್ನು ಕೇಳಿದ ಮಾತ್ರಕ್ಕೆ ಪೇತ್ರನು ಹೇಡಿ, ಯಾಕೋಬನ ಕಡೆಯವರು ಸಂಕುಚಿತ ಮನಸ್ಸಿನವರು ಎಂದು ತೀರ್ಪುಕೊಟ್ಟುಬಿಡುವುದು ನ್ಯಾಯವಲ್ಲ. ಅವರ ಪಕ್ಷವನ್ನೂ ಕೇಳಬೇಕು.

'ಧರ್ಮಶಾಸ್ತ್ರ' ಎಂದು ಕನ್ನಡದಲ್ಲಿ ಹೇಳುವ 'ತೋರಾ' ಎಂಬ ಹೀಬ್ರೂ ಪದಕ್ಕೆ ಉಪದೇಶ, ಶಿಕ್ಷಣ ಎಂಬುದು ಮೂಲದ ಅರ್ಥ. ಅದು ಕೇವಲ ಕಾನೂನಿನ ಪಟ್ಟಿಯಲ್ಲ. ಯೆಹೂದ್ಯರ ಕಥೆಯಲ್ಲಿ ಐಗುಪ್ತದ ದಾಸ್ಯದಿಂದ ಬಿಡುಗಡೆ ಮೊದಲು, ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳು ಆಮೇಲೆ. ಆಜ್ಞೆಗಳನ್ನು ನಡಸಿ ಅವರು ಬಿಡುಗಡೆಯನ್ನು ಸಂಪಾದಿಸಲಿಲ್ಲ. ಬಿಡುಗಡೆ ಹೊಂದಿದವರ ಬಾಳು ಹೇಗಿರಬೇಕೆಂಬುದಕ್ಕೆ ಆಜ್ಞೆಗಳು ಬಂದುವು. ಅವರಿಗೆ ನೇಮವು ಹೊರೆಯಲ್ಲ. ದೇವರೊಡನೆ ತಮಗಿರುವ ಒಡಂಬಡಿಕೆಯ ಗುರುತು.

ಆ ಗುರುತಿಗಾಗಿ ಅವರು ತೆತ್ತ ಬೆಲೆಯೂ ಅಲ್ಪವಲ್ಲ. ಕ್ರಿಸ್ತಪೂರ್ವ ೧೬೭ರಲ್ಲಿ, ಸೆಲ್ಯೂಕಸನ ವಂಶದ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದನು. ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಲ್ಲಿಸಿದರು. ಅಶುದ್ಧವಾದ ಆಹಾರವನ್ನು ತಿನ್ನುವುದಕ್ಕಿಂತ ಸಾಯುವುದೇ ಲೇಸೆಂದು ಸತ್ತವರ ಕಥೆಗಳನ್ನು 'ಮಕ್ಕಬಿಯರು' ಎಂಬ ಗ್ರಂಥಗಳು ಹೇಳುತ್ತವೆ. ಆ ಅರಸನ ರಾಜಧಾನಿ ಯಾವುದು? ಇದೇ ಅಂತಿಯೋಕ್ಯ. ಹೀಗಿರುವಾಗ, ಅದೇ ಪಟ್ಟಣದಲ್ಲಿ ಒಬ್ಬ ಯೆಹೂದ್ಯನು ಊಟದ ನೇಮವನ್ನು ಸಡಲಿಸಿದನೆಂದು ಕೇಳಿದರೆ ಯೆರೂಸಲೇಮಿನವರ ಎದೆ ನಡುಗಿದ್ದರಲ್ಲಿ ಆಶ್ಚರ್ಯವೇನು? ಪೂರ್ವಿಕರು ಪ್ರಾಣಕೊಟ್ಟು ಉಳಿಸಿದುದನ್ನು ಇವರು ಒಂದು ಹೊತ್ತಿನ ಊಟಕ್ಕೆ ಮಾರಿದರೆಂದೇ ಅವರಿಗೆ ತೋರಿರಬೇಕು.

ಅವರಲ್ಲಿ ಕಟ್ಟಾ ಪಕ್ಷದವರಿಗೆ ಇನ್ನೊಂದು ವಾದವೂ ಇತ್ತು. ಅದು ತರ್ಕಕ್ಕೆ ಸರಿಯಾಗಿಯೇ ಕಾಣುತ್ತದೆ. ಯೇಸುವು ಯೆಹೂದ್ಯನು. ದೇವರು ವಾಗ್ದಾನ ಮಾಡಿದುದು ಅಬ್ರಹಾಮನಿಗೆ ಮತ್ತು ಅವನ ಸಂತತಿಗೆ. ಆ ಒಡಂಬಡಿಕೆಯ ಚಿಹ್ನೆ ಸುನ್ನತಿ. ಅಬ್ರಹಾಮನ ಮನೆಯಲ್ಲಿ ಪಾಲು ಬೇಕೆನ್ನುವವನು ಆ ಮನೆಯ ಬಾಗಿಲಿನಿಂದಲೇ ಒಳಗೆ ಬರಬೇಕಲ್ಲವೆ?

ಈ ವಾದವನ್ನು ಎದುರಿಸಿದ ಪೌಲನು ಹೊರಗಿನವನಲ್ಲ. ಕಿಲಿಕ್ಯದ ತಾರ್ಸ ಅವನ ಊರು, ಬೆನ್ಯಮೀನನ ಕುಲ, ಫರಿಸಾಯರ ಪಂಥ. ಎಳೆಯ ಕ್ರೈಸ್ತಸಭೆಯನ್ನು ಅವನೇ ಮೊದಲು ಹಿಂಸಿಸಿದವನು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಧರ್ಮಶಾಸ್ತ್ರದ ವಿಷಯದಲ್ಲಿ ತಾನು ನಿರ್ದೋಷಿಯಾಗಿದ್ದೆನೆಂದು ಅವನು ಹೇಳಿಕೊಳ್ಳುತ್ತಾನೆ. ಇದು ಲಕ್ಷ್ಯದಲ್ಲಿಡತಕ್ಕ ಸಂಗತಿ. ನೇಮಗಳನ್ನು ನಡಸಲಾರದೆ ಸೋತು, ಆ ಸೋಲಿಗೆ ಸಮಾಧಾನವಾಗಿ ಅವನು ನಂಬಿಕೆಯ ಸಿದ್ಧಾಂತವನ್ನು ಕಟ್ಟಿಕೊಂಡನೆಂಬುದು ಅವನ ಮಾತಿಗೆ ಹೊಂದುವುದಿಲ್ಲ. ಅವನು ಕಂಡುಕೊಂಡುದು ಬೇರೆ. ಸುನ್ನತಿಯಿಲ್ಲದ ಅನ್ಯಜನರ ನಡುವೆ ಅವನು ವರುಷಗಳ ಕಾಲ ಓಡಾಡಿದನು. ಯೆಹೂದ್ಯರಿಗೆ ದೊರೆತ ಆತ್ಮವರವೇ ಅವರಿಗೂ ದೊರೆತುದನ್ನು ನೋಡಿದನು. ದೇವರು ಅವರನ್ನು ಇದ್ದಂತೆಯೇ ಅಂಗೀಕರಿಸಿರುವಾಗ ಬಾಗಿಲಲ್ಲಿ ನಿಂತು ಇನ್ನೊಂದು ನಿಬಂಧನೆಯನ್ನು ಹೇಳುವುದಕ್ಕೆ ನಾವು ಯಾರು? ಅವನ ವಾದದ ತಿರುಳು ಇದು.

ಇದಕ್ಕೆ ಅವನು ಪ್ರತಿಪಕ್ಷದವರ ಗ್ರಂಥದಿಂದಲೇ ಆಧಾರವನ್ನು ತೆಗೆದನು. ಅಬ್ರಹಾಮನು ದೇವರನ್ನು ನಂಬಿದನು, ಆ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಎಣಿಕೆಯಾಯಿತು ಎಂದು 'ಆದಿಕಾಂಡ'ದಲ್ಲಿ ಹೇಳಿರುವುದು ಹದಿನೈದನೆಯ ಅಧ್ಯಾಯದಲ್ಲಿ. ಸುನ್ನತಿಯ ಆಜ್ಞೆ ಬರುವುದು ಹದಿನೇಳನೆಯ ಅಧ್ಯಾಯದಲ್ಲಿ. ಹಾಗಾದರೆ ದೇವರು ಅಬ್ರಹಾಮನನ್ನು ಅಂಗೀಕರಿಸಿದಾಗ ಅವನು ಸುನ್ನತಿಯಾದವನೊ, ಆಗದವನೊ? ಆಗದವನು. ಮೋಶೆಯ ಶಾಸ್ತ್ರವಂತೂ ಅದಕ್ಕೆ ನಾನೂರಮೂವತ್ತು ವರ್ಷಗಳ ಮೇಲೆ ಬಂದುದು. ಆದಕಾರಣ ಅಬ್ರಹಾಮನು ಸುನ್ನತಿಯವರಿಗೆ ಹೇಗೋ ಹಾಗೆಯೇ ಸುನ್ನತಿಯಿಲ್ಲದೆ ನಂಬುವವರಿಗೂ ತಂದೆ. ಪೌಲನು ಮನೆಯನ್ನು ಬಿಡಿರೆನ್ನಲಿಲ್ಲ; ಆ ಮನೆಗೆ ನೀವು ತಿಳಿದುದಕ್ಕಿಂತ ಹಳೆಯದಾದ ಇನ್ನೊಂದು ಬಾಗಿಲಿದೆಯೆಂದನು.

ಇಲ್ಲಿ 'ನಂಬಿಕೆ' ಎಂಬ ಮಾತಿನ ಮೇಲೆ ಒಂದು ಗಳಿಗೆ ನಿಲ್ಲಬೇಕು. ಪೌಲನು ಬಳಸಿದ ಗ್ರೀಕ್ ಪದ 'ಪಿಸ್ಟಿಸ್'. ಅದಕ್ಕೆ ಭರವಸೆಯೆಂಬ ಅರ್ಥವೂ ಉಂಟು, ಮಾತಿಗೆ ತಪ್ಪದ ನಿಷ್ಠೆಯೆಂಬ ಅರ್ಥವೂ ಉಂಟು. ಕನ್ನಡ ಬೈಬಲಿನವರು ಇದಕ್ಕೆ 'ನಂಬಿಕೆ' ಎಂಬ ಮಾತನ್ನು ಆರಿಸಿಕೊಂಡರು. ಇದು ಬಹಳ ಒಪ್ಪುವ ಆಯ್ಕೆ. ಕನ್ನಡದಲ್ಲಿಯೂ ಒಬ್ಬನನ್ನು ನೆಚ್ಚುವುದು ನಂಬಿಕೆ. ನೆಚ್ಚಿಗೆ ತಕ್ಕಂತೆ ನಡೆಯುವವನು ನಂಬಿಗಸ್ತ. ದೇವರು ಉಂಟೆಂದು ಬುದ್ಧಿಯಿಂದ ಒಪ್ಪಿದುದು ಮಾತ್ರ ನಂಬಿಕೆಯಲ್ಲ. ಬಾವಿಗೆ ಬಿದ್ದವನು ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದುಕೊಳ್ಳುತ್ತಾನಷ್ಟೆ. ದಡಕ್ಕೆ ಬಂದ ಮೇಲೆ ಅವನು ತನ್ನ ಹಿಡಿತದ ಬಲವನ್ನು ಹೊಗಳಿಕೊಳ್ಳುವುದಿಲ್ಲ, ಎಳೆದವನನ್ನು ನೆನೆಯುತ್ತಾನೆ. ನಂಬಿಕೆ ಆ ಹಿಡಿತ. ಅದನ್ನೇ ಒಂದು ಪುಣ್ಯಕಾರ್ಯವೆಂದು ಎಣಿಸಿಕೊಂಡು, ನನಗೆ ನಂಬಿಕೆಯಿದೆ ನಿನಗಿಲ್ಲ ಎಂದು ಬೀಗಿದರೆ, ನಂಬಿಕೆಯೇ ಇನ್ನೊಂದು ನೇಮವಾಗಿಬಿಡುತ್ತದೆ. ಈ ಅಪಾಯವು ಮುಂದೆ ನಿಜವಾಗಿಯೂ ಒದಗಿತೆಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಕರ್ಮ, ಭಕ್ತಿ, ಪ್ರಪತ್ತಿಗಳ ವಿಚಾರವನ್ನು ಬಲ್ಲವರಿಗೆ ಇಲ್ಲಿ ಕೆಲವು ಹೋಲಿಕೆಗಳು ತಟ್ಟನೆ ಹೊಳೆಯುತ್ತವೆ. ಹೋಲಿಕೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪೌಲನ ವಿವಾದ ಕರ್ಮಬಂಧವನ್ನು ಕುರಿತದ್ದಲ್ಲ. ಒಂದು ಜನಾಂಗದ ಒಡಂಬಡಿಕೆಯೊಳಕ್ಕೆ ಹೊರಗಿನವರು ಸೇರುವುದು ಹೇಗೆಂಬುದನ್ನು ಕುರಿತದ್ದು. ಅದನ್ನು ಅದರ ನೆಲದಲ್ಲಿಯೇ ಇಟ್ಟು ನೋಡುವುದು ಒಳ್ಳೆಯದು.

ಈ ಪ್ರಶ್ನೆಯ ಇತ್ಯರ್ಥಕ್ಕಾಗಿ ಕ್ರಿ. ಶ. ೪೯ರ ಸುಮಾರಿನಲ್ಲಿ ಯೆರೂಸಲೇಮಿನಲ್ಲಿ ಹಿರಿಯರ ಸಭೆ ಸೇರಿತು. ಅದು ಅಂತಿಯೋಕ್ಯದ ಜಗಳಕ್ಕೆ ಮುಂಚೆಯೊ ಆಮೇಲೆಯೊ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. 'ಅಪೊಸ್ತಲರ ಕೃತ್ಯಗಳ' ಪ್ರಕಾರ ಅಲ್ಲಿ ಪೇತ್ರನು ಅನ್ಯಜನರ ಪರವಾಗಿ ಮಾತನಾಡಿದನು. ಯಾಕೋಬನು ತೀರ್ಮಾನವನ್ನು ಹೇಳಿದನು. ಅನ್ಯಜನರಿಗೆ ಸುನ್ನತಿ ಬೇಡ. ಆದರೆ ಅವರು ವಿಗ್ರಹಕ್ಕೆ ಅರ್ಪಿಸಿದುದನ್ನೂ, ರಕ್ತವನ್ನೂ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸವನ್ನೂ, ಹಾದರವನ್ನೂ ಬಿಡಬೇಕು. ನಾಲ್ಕರಲ್ಲಿ ಮೂರು ಊಟದ ವಿಷಯವೇ ಎಂಬುದನ್ನು ಗಮನಿಸಬೇಕು. ಇಬ್ಬರೂ ಒಂದೇ ಮೇಜಿಗೆ ಬರುವುದಕ್ಕೆ ಒಬ್ಬರು ಒಂದು ಹೆಜ್ಜೆ, ಇನ್ನೊಬ್ಬರು ಒಂದು ಹೆಜ್ಜೆ ಮುಂದಿಡುವ ಏರ್ಪಾಡು ಅದು.

ಪೌಲನಾದರೂ ನೇಮದ್ವೇಷಿಯಾಗಿರಲಿಲ್ಲ. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಬೇಕೆಂದು ಒತ್ತಾಯ ಬಂದಾಗ ಅವನು ಸ್ವಲ್ಪವೂ ಬಗ್ಗಲಿಲ್ಲ. ಆದರೆ ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ಅವನೇ ಸುನ್ನತಿ ಮಾಡಿಸಿದನೆಂದು 'ಕೃತ್ಯಗಳು' ಹೇಳುತ್ತದೆ. ನೇಮವನ್ನು ಪ್ರೀತಿಯಿಂದ ಆಚರಿಸುವವನ ಮೇಲೆ ಅವನಿಗೆ ಜಗಳವಿಲ್ಲ. ಅದನ್ನು ಇನ್ನೊಬ್ಬರ ಪ್ರವೇಶಕ್ಕೆ ನಿಬಂಧನೆಯಾಗಿ ಮಾಡಿದ ಕಡೆಯಲ್ಲಿ ಮಾತ್ರ ಅವನು ಬೆಂಕಿಯಾಗುತ್ತಾನೆ. ಗಲಾತ್ಯದವರ ಪತ್ರವನ್ನು ಓದಿದರೆ ಆ ಬೆಂಕಿ ಇಂದಿಗೂ ತಾಕುತ್ತದೆ. ತನ್ನ ಪತ್ರಗಳ ಪ್ರಾರಂಭದಲ್ಲಿ ಸಾಮಾನ್ಯವಾಗಿ ಅವನು ಓದುಗರಿಗಾಗಿ ದೇವರಿಗೆ ಕೃತಜ್ಞತೆಯನ್ನು ಹೇಳುತ್ತಾನೆ. ಇದರಲ್ಲಿ ಅದಿಲ್ಲ, ನೇರವಾಗಿ ಆಕ್ಷೇಪಣೆಯೇ. ಕೊನೆಯಲ್ಲಿ ತಾನೇ ಲೇಖನಿಯನ್ನು ತೆಗೆದುಕೊಂಡು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾನೆ. ಇಷ್ಟೆಲ್ಲ ಹೇಳಿದವನು, ಅಂತಿಯೋಕ್ಯದಲ್ಲಿ ಪೇತ್ರನು ಏನು ಉತ್ತರ ಕೊಟ್ಟನೆಂಬುದನ್ನು ಮಾತ್ರ ಹೇಳುವುದಿಲ್ಲ. ಪೇತ್ರನು ಒಪ್ಪಿ ಮರಳಿ ಬಂದಿದ್ದರೆ ಹೇಳದೆ ಬಿಡುತ್ತಿದ್ದನೆ? ಆ ದಿನ ಪೌಲನೇ ಒಂಟಿಯಾಗಿ ಉಳಿದಿರಬಹುದೆಂದು ಊಹಿಸುವವರು ಬಹಳ ಮಂದಿ.

ನೇಮದಿಂದಲ್ಲ, ನಂಬಿಕೆಯಿಂದ ಎಂದ ಕೂಡಲೆ ಎಲ್ಲರಿಗೂ ಒಂದು ಸಂದೇಹ ಬರುತ್ತದೆ. ಹಾಗಾದರೆ ಹೇಗೆ ಬೇಕಾದರೂ ನಡೆಯಬಹುದೇನು? ಪೌಲನ ಕಾಲದಲ್ಲಿಯೇ ಈ ಆಕ್ಷೇಪಣೆ ಹುಟ್ಟಿತ್ತು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನೇ ಅದನ್ನು ಎತ್ತಿಕೊಂಡು, ಎಂದಿಗೂ ಹಾಗಲ್ಲವೆನ್ನುತ್ತಾನೆ. ಗಲಾತ್ಯದವರಿಗೆ, ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯೇ ನಂಬಿಕೆಯೆಂದು ತಿಳಿಸುತ್ತಾನೆ. ಯಾಕೋಬನ ಹೆಸರಿನ ಪತ್ರವಾದರೋ ಇನ್ನೂ ನಿಷ್ಠುರವಾಗಿ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಸಾರುತ್ತದೆ. ಅದಕ್ಕೂ ಉದಾಹರಣೆ ಅದೇ ಅಬ್ರಹಾಮನು! ಮೇಲುನೋಟಕ್ಕೆ ಇಬ್ಬರೂ ಎದುರು ಬದುರು ನಿಂತಂತೆ ಕಾಣುತ್ತದೆ. ಆದರೆ ಯಾಕೋಬನ ಪತ್ರ ದೂಷಿಸುವ ನಂಬಿಕೆ ಬರಿಯ ಬಾಯಿಮಾತು; ಅದು ಕೇಳುವ ಕ್ರಿಯೆ ಸುನ್ನತಿಯಲ್ಲ. ಅದರ ದೃಷ್ಟಾಂತಗಳನ್ನೇ ನೋಡಿ. ಸಭೆಗೆ ಚಿನ್ನದುಂಗುರದ ಧನಿಕನು ಬಂದರೆ ಒಳ್ಳೆಯ ಪೀಠ, ಕೊಳಕು ಬಟ್ಟೆಯ ಬಡವನು ಬಂದರೆ ಕಾಲ ಬಳಿಯ ಜಾಗ. ಹಸಿದು ಬಂದ ಸಹೋದರನಿಗೆ ಅನ್ನವಿಲ್ಲ, ಹರಕೆಯ ಮಾತು ಮಾತ್ರ. ಯಾಕೋಬನ ಪತ್ರವನ್ನು ನೋಯಿಸಿದುದೂ ಪಂಕ್ತಿಭೇದವೇ. ಒಳಗೆ ಬರುವುದಕ್ಕೆ ನಿಬಂಧನೆಯನ್ನು ಹಾಕಬೇಡವೆಂದು ಒಬ್ಬನು ಹೇಳಿದನು; ಒಳಗೆ ಬಂದ ಮೇಲೆ ತಾರತಮ್ಯ ಮಾಡಬೇಡವೆಂದು ಇನ್ನೊಬ್ಬನು ಹೇಳಿದನು.

ಇನ್ನು ಸಾವಿರದ ನಾನೂರು ವರ್ಷಗಳನ್ನು ದಾಟಿ ಜರ್ಮನಿಗೆ ಹೋಗೋಣ. ೧೫೦೫ರಲ್ಲಿ ಮಾರ್ಟಿನ್ ಲೂಥರನೆಂಬ ಯುವಕನು ಎರ್ಫರ್ಟ್ ನಗರದ ಅಗಸ್ಟೀನಿಯನ್ ಮಠವನ್ನು ಸೇರಿದನು. ಅವನು ಉಪವಾಸ, ಜಾಗರಣೆ, ಪಾಪನಿವೇದನೆಗಳನ್ನು ಮಿತಿಮೀರಿ ನಡಸಿದನು. ಆದರೂ ಮನಸ್ಸಿಗೆ ನೆಮ್ಮದಿ ಸಿಕ್ಕಲಿಲ್ಲ. ಮಾಡಿದುದು ಸಾಕಾಯಿತೆಂದು ತಿಳಿಯುವುದು ಹೇಗೆ? ದೇವರ ನೀತಿಯೆಂದರೆ ಪಾಪಿಯನ್ನು ದಂಡಿಸುವ ನೀತಿಯೆಂದೇ ಅವನು ತಿಳಿದಿದ್ದನು. ವಿಟ್ಟೆನ್‌ಬರ್ಗಿನಲ್ಲಿ ಅಧ್ಯಾಪಕನಾಗಿ ಪೌಲನ ಪತ್ರಗಳನ್ನು ಪಾಠಹೇಳುತ್ತಿದ್ದ ವರ್ಷಗಳಲ್ಲಿ ಅವನಿಗೆ ಬೇರೊಂದು ಅರ್ಥ ಕಂಡಿತು. ದೇವರ ನೀತಿಯೆಂಬುದು ದೇವರು ನಂಬುವವನಿಗೆ ದಾನವಾಗಿ ಕೊಡುವ ನೀತಿ. ೧೫೧೭ರ ಅಕ್ಟೋಬರ್ ೩೧ರಂದು ಅವನು ಹೊರಡಿಸಿದ ತೊಂಬತ್ತೈದು ವಾದಸೂತ್ರಗಳು ದಂಡವಿಮೋಚನ ಪತ್ರಗಳ ಮಾರಾಟವನ್ನು ಎದುರಿಸಿದುವು. ೧೫೨೨ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, 'ನಂಬಿಕೆಯಿಂದ' ಎಂಬಲ್ಲಿ 'ಮಾತ್ರ' ಎಂಬ ಒಂದು ಪದವನ್ನು ಸೇರಿಸಿದನು. ಮೂಲದಲ್ಲಿ ಆ ಪದವಿಲ್ಲವೆಂದು ಕೇಳಿದವರಿಗೆ, ಅರ್ಥಕ್ಕೂ ಜರ್ಮನ್ ನುಡಿಗೂ ಅದು ಬೇಕೆಂದು ೧೫೩೦ರಲ್ಲಿ ಉತ್ತರ ಬರೆದನು.

ಲೂಥರನ ಮಾತು ಲಕ್ಷಾಂತರ ಮಂದಿಗೆ ಬಿಡುಗಡೆಯ ಮಾತಾಯಿತು. ಆದರೆ ಪ್ರಶ್ನೆ ಇಲ್ಲಿ ಸ್ವಲ್ಪ ತಿರುಗಿದುದನ್ನು ನೋಡಬೇಕು. ನಮ್ಮೊಡನೆ ಯಾರು ಕುಳಿತುಕೊಳ್ಳಬಹುದು ಎಂಬುದು ಪೌಲನ ಪ್ರಶ್ನೆ. ದೇವರೆದುರಿಗೆ ನಾನು ಹೇಗೆ ನಿಲ್ಲಲಿ ಎಂಬುದು ಲೂಥರನ ಪ್ರಶ್ನೆ. ಮಾತು ಒಂದೇ, ನೋವು ಬೇರೆ. ಸ್ವೀಡನ್ನಿನ ವಿದ್ವಾಂಸನಾದ ಕ್ರಿಸ್ಟರ್ ಸ್ಟೆಂಡಾಲನು ೧೯೬೩ರ ಒಂದು ಲೇಖನದಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದನು. ಪೌಲನ ಕಾಲದ ಯೆಹೂದ್ಯಧರ್ಮ ಪುಣ್ಯವನ್ನು ಲೆಕ್ಕಹಾಕಿ ಮೋಕ್ಷವನ್ನು ಕೊಳ್ಳುವ ಧರ್ಮವಾಗಿರಲಿಲ್ಲ, ಕೃಪೆಯೇ ಅದಕ್ಕೂ ಬುಡವಾಗಿತ್ತು ಎಂದು ಇ. ಪಿ. ಸ್ಯಾಂಡರ್ಸನು ೧೯೭೭ರಲ್ಲಿ ವಿಸ್ತಾರವಾಗಿ ವಾದಿಸಿದನು. ಇವರ ಎಲ್ಲ ಮಾತನ್ನೂ ಎಲ್ಲರೂ ಒಪ್ಪಿಲ್ಲ. ಆದರೂ ಇವರ ಅನಂತರ ಪೌಲನನ್ನು ಹಳೆಯ ರೀತಿಯಲ್ಲಿಯೇ ಓದುವುದು ಯಾರಿಗೂ ಸುಲಭವಾಗಿ ಉಳಿಯಲಿಲ್ಲ.

ಇದು ವಿದ್ವಾಂಸರ ಕೌತುಕ ಮಾತ್ರವಲ್ಲ. ನಂಬಿಕೆ ನಮ್ಮದು, ನೇಮ ಯೆಹೂದ್ಯರದು ಎಂದು ಭಾಗಮಾಡಿದ ಮೇಲೆ ಆ ಜನವನ್ನು ತಿರಸ್ಕಾರದಿಂದ ನೋಡುವುದು ಸುಲಭವಾಯಿತು. ಕೃಪೆಯ ಸವಿಯನ್ನು ಅಷ್ಟು ಆಳವಾಗಿ ಕಂಡ ಲೂಥರನೇ ೧೫೪೩ರಲ್ಲಿ ಯೆಹೂದ್ಯರ ವಿರುದ್ಧವಾಗಿ ಒಂದು ಪುಸ್ತಕ ಬರೆದು, ಅವರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಸಲಹೆಕೊಟ್ಟನು. ನಂಬಿಕೆಯೇ ಬೀಗುವ ನೇಮವಾಗಬಹುದೆಂದು ನಾನು ಆಗ ಹೇಳಿದ ಅಪಾಯ ಇದು.

ಆ ಅಪಾಯದ ಪರಿಣಾಮ ಅವನ ದೇಶದಲ್ಲಿಯೇ ಕಂಡುಬಂತು. ೧೯೩೩ರ ಏಪ್ರಿಲಿನಲ್ಲಿ ಹಿಟ್ಲರನ ಸರ್ಕಾರ ಆರ್ಯವಂಶದವರಲ್ಲದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನನ್ನು ಮಾಡಿತು. ಚರ್ಚಿನೊಳಗಿದ್ದ ನಾಜಿಪಕ್ಷಪಾತಿಗಳು ಅದೇ ನಿಬಂಧನೆಯನ್ನು ಚರ್ಚಿಗೂ ತರಬೇಕೆಂದರು. ಯೆಹೂದ್ಯ ವಂಶದಲ್ಲಿ ಹುಟ್ಟಿದವನು ಕ್ರೈಸ್ತನಾಗಿ ದೀಕ್ಷೆ ಪಡೆದಿದ್ದರೂ ಪಾದ್ರಿಯಾಗಿರಕೂಡದು! ಆಗ ಇಪ್ಪತ್ತೇಳು ವರ್ಷ ವಯಸ್ಸಿನ ಲೂಥರನ್ ಪಂಡಿತನಾದ ಡೀಟ್ರಿಚ್ ಬೋನ್‌ಹಾಫರನು ಇದಕ್ಕೆ ವಿರೋಧವಾಗಿ ಬರೆದನು. ಅವನ ವಾದ ಅಂತಿಯೋಕ್ಯದ ವಾದವೇ. ಸಭೆಯಲ್ಲಿ ಸೇರುವುದಕ್ಕೆ ನಂಬಿಕೆಯ ಜೊತೆಗೆ ಕುಲದ ಅರ್ಹತೆಯೂ ಬೇಕೆಂದರೆ, ಪೌಲನು ತಡೆದು ನಿಲ್ಲಿಸಿದ ಆ ಹಳೆಯ ನಿಬಂಧನೆಯನ್ನೇ ಮತ್ತೆ ತಂದಂತಾಯಿತು. ಅಂದು ಯೆಹೂದ್ಯನಾಗದೆ ಒಳಗೆ ಬರಕೂಡದೆಂದರು. ಇಂದು ಯೆಹೂದ್ಯನಾಗಿ ಹುಟ್ಟಿದವನು ಹೊರಗೆ ಹೋಗಬೇಕೆನ್ನುತ್ತಾರೆ. ಎರಡೂ ಒಂದೇ ಬಾಗಿಲಿನ ಎರಡು ಅಗುಳಿಗಳು. ಆದರೂ ೧೯೩೩ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಚರ್ಚಿನ ಮಹಾಸಭೆ ಆ ನಿಬಂಧನೆಯನ್ನು ಅಂಗೀಕರಿಸಿತು. ಅಂಗೀಕರಿಸಿದವರು ಲೂಥರನ ಸಿದ್ಧಾಂತವನ್ನು ಅರಿಯದವರಲ್ಲ; ಬಾಲ್ಯದಿಂದ ಕಂಠಪಾಠ ಮಾಡಿದ್ದವರು.

ಬೋನ್‌ಹಾಫರನು ೧೯೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೃಪೆಯನ್ನು ಅಗ್ಗದ ಸರಕನ್ನಾಗಿ ಮಾಡಿದುದಕ್ಕಾಗಿ ತನ್ನ ಪಂಥದವರನ್ನೇ ತರಾಟೆಗೆ ತೆಗೆದುಕೊಂಡನು. ನಂಬಿಕೆ ಸಾಕು ಎಂಬ ಮಾತನ್ನು ಏನನ್ನೂ ಮಾಡದೆ ಕುಳಿತಿರುವುದಕ್ಕೆ ನೆಪವಾಗಿ ಇಟ್ಟುಕೊಂಡವರನ್ನು ಕುರಿತ ಮಾತು ಅದು. ೧೯೪೫ರ ಏಪ್ರಿಲ್ ೯ರಂದು ಫ್ಲಾಸೆನ್‌ಬ್ಯುರ್ಗಿನ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಂಬಿಕೆಯಿಂದ ಮುಕ್ತಿಯೆಂದು ನಂಬಿದ ಮನುಷ್ಯನು ಹೇಗೆ ನಡೆಯುತ್ತಾನೆಂಬ ಆಕ್ಷೇಪಣೆಗೆ ಅದೂ ಒಂದು ಉತ್ತರ.

ಇನ್ನೊಂದೇ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಲೂಥರನ ಪಕ್ಷದವರು ತಮ್ಮ ನಂಬುಗೆಯನ್ನು ೧೫೩೦ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಚಕ್ರವರ್ತಿಯ ಮುಂದೆ ಅರಿಕೆ ಮಾಡಿದ್ದರು. ರೋಮಿನ ಪಕ್ಷದವರು ೧೫೪೭ರಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಉತ್ತರ ಕೊಟ್ಟರು. ಎಲ್ಲಕ್ಕೂ ಮೂಲ ಕೃಪೆಯೇ ಎಂಬುದನ್ನು ಟ್ರೆಂಟ್ ನಿರಾಕರಿಸಲಿಲ್ಲ. ಆದರೆ ನಂಬಿಕೆ 'ಮಾತ್ರ' ಸಾಕೆಂಬುದನ್ನು ಖಂಡಿಸಿ, ಕೃಪೆಯೊಡನೆ ಮನುಷ್ಯನ ಸಮ್ಮತಿಯೂ ಪ್ರೀತಿಯೂ ಸೇರಬೇಕೆಂದಿತು. ಎರಡು ಪಕ್ಷಗಳ ಖಂಡನೆಗಳೂ ಶತಮಾನಗಳ ಕಾಲ ಹಾಗೆಯೇ ನಿಂತಿದ್ದುವು. ಕೊನೆಗೆ ೧೯೯೯ರ ಅಕ್ಟೋಬರ್ ೩೧ರಂದು, ಅದೇ ಆಗ್ಸ್‌ಬರ್ಗಿನಲ್ಲಿ, ಕ್ಯಾಥೊಲಿಕ್ ಚರ್ಚೂ ಲೂಥರನ್ನರ ಜಾಗತಿಕ ಒಕ್ಕೂಟವೂ ಒಂದು ಒಪ್ಪಂದಕ್ಕೆ ರುಜುಹಾಕಿದುವು. ನೀತಿವಂತನೆನಿಸಿಕೊಳ್ಳುವುದು ಕೃಪೆಯಿಂದ, ನಂಬಿಕೆಯಲ್ಲಿ, ನಮ್ಮ ಯೋಗ್ಯತೆಯಿಂದಲ್ಲ; ಹಾಗೆ ಅಂಗೀಕೃತನಾದವನು ಸತ್ಕ್ರಿಯೆಗೆ ಕರೆ ಪಡೆದವನು. ಹೀಗೆಂದು ಇಬ್ಬರೂ ಒಪ್ಪಿದರು. ಅಲ್ಲಿ ವಿವರಿಸಿದ ಉಪದೇಶಕ್ಕೆ ಹಳೆಯ ಖಂಡನೆಗಳು ತಗಲುವುದಿಲ್ಲವೆಂದರು. ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರಲ್ಲಿ ರಿಫಾರ್ಮ್ಡ್ ಚರ್ಚುಗಳ ಒಕ್ಕೂಟವೂ ಇದಕ್ಕೆ ಸೇರಿದುವು.

ಇದು ದೊಡ್ಡ ಕೆಲಸ. ಆದರೆ ಸಿದ್ಧಾಂತದಲ್ಲಿ ಹೀಗೆ ಕೈಹಿಡಿದ ಕ್ಯಾಥೊಲಿಕರೂ ಲೂಥರನ್ನರೂ ಇಂದಿಗೂ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಕ್ರಿಸ್ತನ ರೊಟ್ಟಿಯನ್ನು ಒಂದೇ ಮೇಜಿನಲ್ಲಿ ಹಂಚಿಕೊಳ್ಳುವುದಿಲ್ಲ. ಸಂಸ್ಕಾರದ ಸ್ವರೂಪ, ಪಾದ್ರಿದೀಕ್ಷೆಯ ಅಧಿಕಾರ ಮೊದಲಾದ ಬೇರೆ ವಿವಾದಗಳು ಅಡ್ಡವಾಗಿವೆ. ಅವು ಹಗುರವಾದ ವಿವಾದಗಳೆಂದು ನಾನು ಹೇಳುವುದಿಲ್ಲ. ಅಂತಿಯೋಕ್ಯದಲ್ಲಿ ಯಾಕೋಬನ ಕಡೆಯವರ ಕಾರಣವೂ ಹಗುರವಾಗಿರಲಿಲ್ಲ. ಪಂಕ್ತಿಯಿಂದ ಏಳುವವರಿಗೆ ಯಾವಾಗಲೂ ಒಳ್ಳೆಯ ಕಾರಣವೊಂದು ಇದ್ದೇ ಇರುತ್ತದೆ.

ಸಿದ್ಧಾಂತವನ್ನು ಕಾಗದದ ಮೇಲೆ ಒಪ್ಪುವುದು ಒಂದು, ಎದುರಿಗೆ ಬಂದವನಿಗೆ ಜಾಗ ಬಿಟ್ಟುಕೊಡುವುದು ಇನ್ನೊಂದು. ಪೌಲನು ಮೊದಲು ಕೇಳಿದುದು ಎರಡನೆಯದನ್ನು. ನೇಮದಿಂದಲ್ಲ, ನಂಬಿಕೆಯಿಂದ ಎಂಬ ಅವನ ಮಾತನ್ನು ಯಾರಾದರೂ ನಿಜವಾಗಿ ಒಪ್ಪಿದ್ದಾರೆಯೆ ಎಂದು ತಿಳಿಯಬೇಕಾದರೆ, ಅವರ ಗ್ರಂಥಗಳನ್ನು ತೆರೆಯುವುದಕ್ಕಿಂತ ಮುಂಚೆ, ಅವರ ಊಟದ ಹೊತ್ತಿಗೆ ಹೋಗಿ ಯಾರು ಯಾರು ಕುಳಿತಿದ್ದಾರೆಂಬುದನ್ನು ನೋಡುವುದು ಒಳ್ಳೆಯದು.